ಪಡಸಾಲೆ ಪಕ್ಕದ ಪಾರ್ಲರ್: ಮೊದಲು ಐಬ್ರೋ, ಆಮೇಲೆ ಉಗುರು

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಕಲಬುರಗಿಯ ಸೇಡಂ ರಸ್ತೆ ಕಡೆ ಇರುವವಳು. ವಯಸ್ಸು 29, ಇಬ್ಬರು ಮಕ್ಕಳು. ಮದುವೆಗೆ ಮುಂಚೆ ಆರು ತಿಂಗಳ ಬ್ಯೂಟಿಷಿಯನ್ ಕೋರ್ಸ್ ಮಾಡಿದ್ದೆ. ಈಗ ಹೈದರಾಬಾದಿನಲ್ಲಿ 15 ದಿನ ನೇಲ್ ಆರ್ಟ್ ಕಲಿತು ಬಂದಿದ್ದೇನೆ. ನಮ್ಮದು ಬಾಡಿಗೆ ಮನೆ. ಪಡಸಾಲೆಗೆ ಹೊಂದಿಕೊಂಡು 10 ಅಡಿ ಅಗಲ, 12 ಅಡಿ ಉದ್ದದ ಕೋಣೆ ಖಾಲಿ ಇದೆ. ಕೈಯಲ್ಲಿ 60 ಸಾವಿರ ರೂಪಾಯಿ ಇದೆ. ಅದರಲ್ಲಿ 35 ಸಾವಿರಕ್ಕೆ ಪೂರ್ತಿ ನೇಲ್ ಕಿಟ್ಟು, ಟೇಬಲ್ಲು ಎಲ್ಲ ಕೊಡಿಸುತ್ತೇವೆ ಎಂದು ಕಲಿಸಿದವರೇ ಹೇಳಿದ್ದಾರೆ. ಮನೆಯಲ್ಲೇ ನೇಲ್ ಮತ್ತು ಬ್ಯೂಟಿ ಸಲೂನ್ ಶುರು ಮಾಡಬೇಕು ಅಂತಿದ್ದೇನೆ. ನಮ್ಮ ಅತ್ತೆಯವರಿಗೆ ಮಾತ್ರ ಯಾರ್ಯಾರೋ ಮನೆಯೊಳಗೆ ಬರುತ್ತಾರೆ ಅಂತ ಚಿಂತೆ. ಏನು ಕೊಳ್ಳಲಿ, ಲೈಸೆನ್ಸ್ ಬೇಕಾ, ರೇಟು ಹೇಗೆ ಇಡಲಿ?

ಉತ್ತರ: ತಂಗಿ, ಆ 35 ಸಾವಿರವನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ. ನಾನು ಕಲಬುರಗಿಯಲ್ಲೇ ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಮೊದಲ ಒಂಬತ್ತು ವರ್ಷ ಮನೆಯ ಕೋಣೆಯಲ್ಲೇ ಪಾರ್ಲರ್ ನಡೆಸಿದೆ. ನನ್ನ ಹತ್ತಿರ ಕಲಿತ ಹುಡುಗಿಯರಲ್ಲಿ ಮನೆ ಪಾರ್ಲರ್ ಇಟ್ಟು ಮುಚ್ಚಿದವರೂ ಇದ್ದಾರೆ. ಅದರಿಂದಲೇ ಮಕ್ಕಳ ಫೀಸು ಕಟ್ಟುತ್ತಿರುವವರೂ ಇದ್ದಾರೆ. ಮುಚ್ಚಿದವರಿಗೆ ಕೆಲಸ ಬರುತ್ತಿರಲಿಲ್ಲ ಅಂತಲ್ಲ. ದುಡ್ಡನ್ನೆಲ್ಲ ಮೊದಲ ತಿಂಗಳೇ ಸಾಮಾನಿಗೆ ಸುರಿದರು. ಗಿರಾಕಿ ಕೂಡುವವರೆಗೆ ಕಾಯಲು ಕೈಯಲ್ಲಿ ಏನೂ ಉಳಿಯಲಿಲ್ಲ.

ಮನೆ ಪಾರ್ಲರ್ ನಡೆಯುವುದು ಇಪ್ಪತ್ತು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ತಪ್ಪದೆ ಬರುವ ಅಕ್ಕಪಕ್ಕದ ಹೆಂಗಸರಿಂದ. ಅವರು ಬರುವುದು ಐಬ್ರೋ ಮಾಡಿಸಲು, ಅಪ್ಪರ್ ಲಿಪ್‌ಗೆ, ವ್ಯಾಕ್ಸಿಂಗ್‌ಗೆ, ಹಬ್ಬದ ಮುಂಚೆ ಒಂದು ಕ್ಲೀನಪ್‌ಗೆ. ಉಗುರಿನ ಕೆಲಸ ಇದರ ಜೊತೆ ಸೇರಿಕೊಳ್ಳಬೇಕು. ಮದುವೆ ಸೀಸನ್ನಿನಲ್ಲಿ ಅದು ಒಳ್ಳೆ ದುಡ್ಡು ತರುತ್ತದೆ. ಅದೊಂದನ್ನೇ ನಂಬಿ ಕೂತರೆ ಆಷಾಢದಲ್ಲಿ ಕೋಣೆ ಖಾಲಿ.

ಲೆಕ್ಕ ಹಾಕಿ ನೋಡೋಣ. ಇವು ನಾನು ಅಂದಾಜಿಗೆ ಇಟ್ಟುಕೊಂಡ ಅಂಕಿ. ನಿಮ್ಮ ಏರಿಯಾದ ರೇಟು ಕೇಳಿ ಬದಲಿಸಿಕೊಳ್ಳಿ. ಐಬ್ರೋಗೆ 40 ರೂಪಾಯಿ ಅಂತಿಟ್ಟುಕೊಳ್ಳಿ. ಕೈ ಕುದುರಿದವರಿಗೆ ಏಳೆಂಟು ನಿಮಿಷ ಸಾಕು. ದಾರದ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಒಂದು ಗಂಟೆಗೆ ಆರು ಜನ ಬಂದರೆ 240 ರೂಪಾಯಿ ಕೈಗೆ ಬಂತು. ಈಗ ಜೆಲ್ ಪಾಲಿಶ್ ನೋಡಿ, ಅಂದರೆ ಲ್ಯಾಂಪಿನ ಬೆಳಕಿಗೆ ಇಟ್ಟು ಗಟ್ಟಿ ಮಾಡುವ ಉಗುರಿನ ಬಣ್ಣ. ಬೇಸ್, ಬಣ್ಣ, ಟಾಪ್ ಕೋಟ್, ಗ್ಲೌಸ್, ಫೈಲ್, ವೈಪ್ಸ್ ಸೇರಿ ಒಂದು ಸಲಕ್ಕೆ 60 ರೂಪಾಯಿ ಸಾಮಾನು ಹೋಗುತ್ತದೆ. ಹೊಸಬರಿಗೆ ಒಂದೂಕಾಲು ಗಂಟೆ ಹಿಡಿಯುತ್ತದೆ. ಶುರುವಿನಲ್ಲಿ ಜನ ಬರಲಿ ಅಂತ 199 ರೂಪಾಯಿ ಆಫರ್ ಹಾಕಿದರೆ ನಿಮ್ಮ ಗಂಟೆಗೆ ಉಳಿಯುವುದು 110 ರೂಪಾಯಿ ಆಸುಪಾಸು. ಅದರಲ್ಲೇ ಕರೆಂಟು, ಕೋಣೆ ಬಾಡಿಗೆ ಬೇರೆ. ಹಾಗಾಗಿ ಉಗುರಿಗೆ ಆಫರ್ ಹಾಕಲೇಬೇಡಿ. ಸಾಮಾನಿನ ಖರ್ಚು, ನಿಮ್ಮ ಗಂಟೆಗೆ ನೀವು ಕಟ್ಟುವ ಬೆಲೆ, ಕೋಣೆ ಮತ್ತು ಕರೆಂಟಿನ ಪಾಲು, ಈ ಮೂರನ್ನೂ ಕೂಡಿಸಿ ಬಂದದ್ದು ನಿಮ್ಮ ಕನಿಷ್ಠ ರೇಟು. ಅದಕ್ಕಿಂತ ಕೆಳಗೆ ಅಕ್ಕನ ಮಗಳೇ ಬಂದರೂ ಇಳಿಯಬೇಡಿ. ಅಕ್ಕನ ಮಗಳಿಗೆ ಪುಕ್ಕಟೆ ಮಾಡಿ, ಅದು ಬೇರೆ ವಿಷಯ. ಅರ್ಧ ರೇಟು ಅಂತ ಒಮ್ಮೆ ಬಾಯಿಗೆ ಬಿದ್ದರೆ ಓಣಿಗೆಲ್ಲ ಅದೇ ರೇಟಾಗುತ್ತದೆ.

ಹೈದರಾಬಾದಿನಲ್ಲಿ ನಿಮಗೆ ಕಲಿಸಿದ್ದು ಉದ್ದ ಉಗುರು ಕೂಡಿಸುವ ಕೆಲಸ ಇರಬೇಕು, ಅಲ್ವಾ? ಪುಡಿಗೆ ಲಿಕ್ವಿಡ್ ಕಲಸಿ ಕಟ್ಟುವ ಅಕ್ರಿಲಿಕ್, ಎಕ್ಸ್‌ಟೆನ್ಶನ್. ಅದನ್ನು ನಮ್ಮ ಊರಿಗೆ ತಂದಾಗ ಇಲ್ಲಿನ ಕೈಗಳು ದಿನವಿಡೀ ಏನು ಮಾಡುತ್ತವೆ ಅನ್ನುವುದನ್ನು ನೋಡಬೇಕು. ನಮ್ಮ ಹೆಂಗಸರು ದಿನಾ ಜೋಳದ ರೊಟ್ಟಿ ಬಡಿಯುತ್ತಾರೆ. ಬಿಸಿ ನೀರು ಹಾಕಿ ಹಿಟ್ಟು ನಾದಿ, ಅಂಗೈಯಲ್ಲಿ ತಟ್ಟಿ, ಹಂಚಿನ ಮೇಲೆ ನೀರು ಸವರುವ ಕೈ ಅದು. ಮುಕ್ಕಾಲು ಇಂಚು ಉಗುರು ಕೂಡಿಸಿದರೆ ರೊಟ್ಟಿ ಹರಿಯುತ್ತದೆ, ಇಲ್ಲ ಉಗುರು ಬುಡಕ್ಕೇ ಎದ್ದು ಬರುತ್ತದೆ. ಬುಡಕ್ಕೆ ಎದ್ದ ಉಗುರಿನ ಸಂದಿಯಲ್ಲಿ ನೀರು ನಿಂತು ಹಸಿರು ಕಲೆ ಬೀಳುತ್ತದೆ. ಅದು ಬ್ಯಾಕ್ಟೀರಿಯಾ ಸೋಂಕು. ಅದರ ಮೇಲೆ ಬಣ್ಣ ಹಚ್ಚಿ ಮುಚ್ಚಬಾರದು. ತೆಗೆದು, ಒಣಗಿಸಿ, ಡಾಕ್ಟರಿಗೆ ತೋರಿಸಲು ಹೇಳಬೇಕು.

ಅದಕ್ಕೇ ನಮ್ಮಲ್ಲಿ ನಿಲ್ಲುವ ಕೆಲಸ ಅಂದರೆ ಬೆರಳ ತುದಿ ದಾಟದ ಚಿಕ್ಕ ಉಗುರಿನ ಮೇಲೆ ತೆಳು ಜೆಲ್. ಮದುಮಗಳಿಗೆ, ಅವಳ ತಂಗಿಯರಿಗೆ ಪ್ರೆಸ್-ಆನ್ ಉಗುರು. ಅಂದರೆ ಅಳತೆ ತೆಗೆದು ಮೊದಲೇ ಬಣ್ಣ, ಡಿಸೈನ್ ಮಾಡಿಟ್ಟು, ಮದುವೆ ದಿನ ಅಂಟಿಸಿ, ಮುಗಿದ ಮೇಲೆ ತೆಗೆದಿಡುವ ಉಗುರು. ಇದನ್ನು ಮಕ್ಕಳು ಮಲಗಿದ ಮೇಲೆ ರಾತ್ರಿ ಕೂತು ತಯಾರಿಸಬಹುದು. ಗಿರಾಕಿ ಎರಡು ಗಂಟೆ ನಿಮ್ಮ ಕೋಣೆಯಲ್ಲಿ ಕೂರಬೇಕಿಲ್ಲ. ನಮ್ಮ ಊರಿನ ಮುಸ್ಲಿಂ ಹೆಣ್ಣುಮಕ್ಕಳಿಗೂ ಇದೇ ಸರಿ ಹೊಂದುತ್ತದೆ. ನಮಾಜಿಗೆ ಮುಂಚೆ ವಜೂ ಮಾಡುವಾಗ, ಅಂದರೆ ಕೈಕಾಲು ಮುಖ ತೊಳೆಯುವಾಗ, ಉಗುರಿಗೆ ನೀರು ತಾಗಬೇಕು. ಪಾಲಿಶ್ ಇದ್ದರೆ ತಾಗುವುದಿಲ್ಲ ಅಂತ ಬಹಳ ಜನ ಹಚ್ಚುವುದೇ ಇಲ್ಲ. ಅವರಿಗೆ ಒತ್ತಾಯ ಮಾಡದೆ ಪ್ರೆಸ್-ಆನ್ ತೋರಿಸಿ, ಅಥವಾ ಬಣ್ಣವಿಲ್ಲದ ಮ್ಯಾನಿಕ್ಯೂರ್ ಮಾಡಿ, ಉಗುರು ನುಣುಪಾಗಿ ಬಫ್ ಮಾಡಿಕೊಡಿ.

ಇಂಥ ಸಣ್ಣಪುಟ್ಟ ವಿಷಯ ಇನ್ನೂ ಇವೆ. ಕೋರ್ಸಿನಲ್ಲಿ ಇವನ್ನು ಯಾರೂ ಹೇಳುವುದಿಲ್ಲ. ಮುತ್ತೈದೆಯರು ಹಸಿರು ಬಳೆ ತೆಗೆಯುವುದಿಲ್ಲ. ನೇಲ್ ಲ್ಯಾಂಪ್ ಕೊಳ್ಳುವಾಗ ಬಾಯಿ ಅಗಲವಿರುವುದು, ತಳದ ಪ್ಲೇಟು ಬಿಚ್ಚುವಂಥದ್ದು ನೋಡಿ. ಇಲ್ಲದಿದ್ದರೆ ಕೈ ತುಂಬ ಬಳೆ ಇರುವವರ ಕೈ ಒಳಗೇ ಹೋಗುವುದಿಲ್ಲ. ಕಾಲುಂಗುರವೂ ಹಾಗೆಯೇ. ತೆಗೆಯಿರಿ ಎನ್ನಬೇಡಿ. ಪೆಡಿಕ್ಯೂರ್ ಮುಗಿದ ಮೇಲೆ ಅದರ ಕೆಳಗೆ, ಬೆರಳ ಸಂದಿಯಲ್ಲಿ ಒರೆಸಿ ಒಣಗಿಸಿ. ಮಂಗಳವಾರ, ಶುಕ್ರವಾರ, ದೀಪ ಹಚ್ಚಿದ ಮೇಲೆ ಉಗುರು ಕತ್ತರಿಸಬಾರದು ಎನ್ನುವ ಮನೆ ನಮ್ಮಲ್ಲಿ ಇನ್ನೂ ಜಾಸ್ತಿ. ಆ ಎರಡು ದಿನ ವ್ಯಾಕ್ಸಿಂಗ್, ಫೇಶಿಯಲ್ ಬುಕಿಂಗ್ ತಗೊಳ್ಳಿ. ಉಗುರಿಗೆ ಬುಧವಾರ, ಗುರುವಾರ, ಶನಿವಾರ, ಭಾನುವಾರ ಹಗಲು ಇಟ್ಟುಕೊಳ್ಳಿ.

ಈಗ ನಾನು ಬಹಳ ಹೊತ್ತು ಮಾತಾಡಬೇಕಾದ ವಿಷಯಕ್ಕೆ ಬರುತ್ತೇನೆ. ಜೆಲ್ ಚರ್ಮಕ್ಕೆ ತಾಗಬಾರದು.

ಜೆಲ್ ಪಾಲಿಶ್‌ನಲ್ಲಿ, ಅಕ್ರಿಲಿಕ್‌ನಲ್ಲಿ, ಉಗುರು ಅಂಟಿಸುವ ಅಂಟಿನಲ್ಲಿ ಇರುವುದು ಅಕ್ರಿಲೇಟ್ ಜಾತಿಯ ರಾಸಾಯನಿಕ. ಬಾಟಲಿಯಲ್ಲಿದ್ದಾಗ ಅದು ಹಸಿ. ಲ್ಯಾಂಪಿನ ಬೆಳಕಿಗೆ ಗಟ್ಟಿಯಾದ ಮೇಲೆ ತೊಂದರೆ ಕಡಿಮೆ. ಹಸಿ ಜೆಲ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ, ಅಥವಾ ಸರಿಯಾಗಿ ಗಟ್ಟಿಯಾಗದ ಜೆಲ್ ಉಗುರಿನ ಮೇಲೆ ಉಳಿದರೆ, ದೇಹ ಅದನ್ನು ಶತ್ರು ಅಂತ ಗುರುತಿಟ್ಟುಕೊಳ್ಳುತ್ತದೆ. ಹೀಮಾ ಎನ್ನುವ ಒಂದು ಅಕ್ರಿಲೇಟ್ ಇದಕ್ಕೆ ಹೆಸರುವಾಸಿ. ಒಮ್ಮೆ ಅಲರ್ಜಿ ಬಂತು ಅಂದರೆ ಜೀವನಪೂರ್ತಿ ಉಳಿಯುತ್ತದೆ. ಹಲ್ಲಿಗೆ ಹಾಕುವ ಕೆಲವು ಫಿಲ್ಲಿಂಗ್‌ನಲ್ಲೂ, ಮೂಳೆ ಆಪರೇಶನ್ನಿನ ಸಿಮೆಂಟಿನಲ್ಲೂ ಇದೇ ಜಾತಿಯ ವಸ್ತು ಇರುತ್ತದೆ. ಅಂದರೆ ಮುಂದೆ ಆಸ್ಪತ್ರೆಯಲ್ಲೂ ಅದು ಅಡ್ಡಬರಬಹುದು.

ನನಗೆ ಬಂದಿದೆ, ತಂಗಿ. ಜೆಲ್ ಕೆಲಸ ಶುರು ಮಾಡಿದ ಹೊಸದರಲ್ಲಿ ಉಗುರಿನ ಅಂಚಿಗೆ ಹರಿದ ಜೆಲ್ಲನ್ನು ನನ್ನ ಬರಿ ಬೆರಳಿನಿಂದಲೇ ಒರೆಸುತ್ತಿದ್ದೆ. ದಿನಕ್ಕೆ ಹತ್ತು ಸಲ. ಒಂದೂವರೆ ವರ್ಷಕ್ಕೆ ಹೆಬ್ಬೆರಳು, ತೋರುಬೆರಳು ತುದಿ ಬಿರುಕು ಬಿಟ್ಟವು. ರೊಟ್ಟಿ ಬಡಿದರೆ ಉರಿ, ಖಾರ ಮುಟ್ಟಿದರೆ ಕಣ್ಣೀರು. ನೀರಿನಿಂದ ಅಂದುಕೊಂಡೆ, ಸೋಪಿನಿಂದ ಅಂದುಕೊಂಡೆ. ಚರ್ಮದ ಡಾಕ್ಟರು ಬೆನ್ನಿಗೆ ಪ್ಯಾಚ್ ಹಚ್ಚಿ ನೋಡಿದ ಮೇಲೆ ಗೊತ್ತಾಯಿತು. ಇವತ್ತು ನನ್ನ ಪಾರ್ಲರಿನಲ್ಲಿ ಜೆಲ್ ಕೆಲಸ ನಾನು ಮಾಡುವುದಿಲ್ಲ, ಹುಡುಗಿಯರು ಮಾಡುತ್ತಾರೆ. ಯಾರೂ ಹೇಳಿಕೊಡದೆ ನಾನು ಕಳೆದುಕೊಂಡ ಕೈ ಇದು. ನಿಮ್ಮ ಕೈ ಹಾಗಾಗಬಾರದು.

ನಮ್ಮ ಊರಿನ ಬಿಸಿಲಿಗೂ ಇದಕ್ಕೂ ನೇರ ಸಂಬಂಧ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಜೆಲ್ ಆ ಬಿಸಿಗೆ ತೆಳ್ಳಗಾಗುತ್ತದೆ. ಬೆಂಗಳೂರಿನ ವಿಡಿಯೋದಲ್ಲಿ ನೋಡಿದಷ್ಟೇ ಜೆಲ್ ಬ್ರಷ್ಷಿಗೆ ತಗೊಂಡರೆ ಇಲ್ಲಿ ಅದು ಹರಿದು ಅಂಚಿನ ಚರ್ಮಕ್ಕೆ ಇಳಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಅರ್ಧ ಹನಿ ತಗೊಂಡು, ಎರಡು ಬೆರಳಿಗೆ ಹಚ್ಚಿ, ಲ್ಯಾಂಪಿಗೆ ಇಟ್ಟು, ಆಮೇಲೆ ಮುಂದಿನ ಎರಡು ಬೆರಳು. ಹತ್ತೂ ಬೆರಳು ಒಮ್ಮೆಗೇ ಬೇಡ. ಅಂಚಿನಿಂದ ಕೂದಲೆಳೆಯಷ್ಟು ಜಾಗ ಬಿಡಿ. ಹರಿದರೆ ಲ್ಯಾಂಪಿಗೆ ಇಡುವ ಮುಂಚೆಯೇ ಕಡ್ಡಿಗೆ ಆಲ್ಕೋಹಾಲ್ ಅದ್ದಿದ ಹತ್ತಿ ಸುತ್ತಿ ತೆಗೆಯಿರಿ. ಅಕ್ರಿಲಿಕ್ ಪುಡಿ-ಲಿಕ್ವಿಡ್ ಆದರೆ ಉಲ್ಟಾ, ಬಿಸಿಗೆ ಬೇಗ ಗಟ್ಟಿಯಾಗಿ ಆಕಾರ ಕೊಡುವಷ್ಟರಲ್ಲಿ ಕಲ್ಲಾಗುತ್ತದೆ. ಬೇಸಿಗೆಯಲ್ಲಿ ಅದನ್ನು ಕೈಗೆತ್ತಿಕೊಳ್ಳಲೇಬೇಡಿ. ಬಾಟಲಿಗಳನ್ನು ಕಿಟಕಿ ಹತ್ತಿರ ಇಡಬೇಡಿ. ಬಿಸಿಲಿನಲ್ಲೂ ಯುವಿ ಕಿರಣ ಇದೆ, ಬಾಟಲಿಯ ಬಾಯಲ್ಲೇ ಜೆಲ್ ಗಟ್ಟಿಯಾಗುತ್ತದೆ. ತಗಡಿನ ಶೆಡ್ಡು, ಅಟ್ಟ, ಸ್ಕೂಟಿ ಡಿಕ್ಕಿ ಎಲ್ಲವೂ ಬೇಡ. ನೆಲದ ಹತ್ತಿರ, ಗೋಡೆ ಕಪಾಟಿನ ಕೆಳಗಿನ ಖಾನೆ ತಂಪಿರುತ್ತದೆ.

ಗ್ಲೌಸ್ ಹಾಕಿ, ನೈಟ್ರೈಲ್ ಗ್ಲೌಸ್. ಆದರೆ ಅದನ್ನೂ ದಿನವಿಡೀ ನಂಬಬೇಡಿ. ಹಸಿ ಅಕ್ರಿಲೇಟ್ ಕೆಲವೇ ನಿಮಿಷದಲ್ಲಿ ಅದನ್ನೂ ದಾಟುತ್ತದೆ. ಜೆಲ್ ತಾಗಿದರೆ ತಕ್ಷಣ ಬದಲಿಸಿ. ಲ್ಯಾಂಪು ಮತ್ತು ಜೆಲ್ ಒಂದಕ್ಕೊಂದು ಹೊಂದಬೇಕು. ಜೆಲ್ ಕಂಪನಿ ಯಾವ ಲ್ಯಾಂಪು, ಎಷ್ಟು ಸೆಕೆಂಡು ಅಂತ ಹೇಳುತ್ತದೋ ಅದೇ ಮಾಡಿ. ಮುಟ್ಟಿದರೆ ಗಟ್ಟಿ ಅನಿಸಿದರೂ ಒಳಗೆ ಹಸಿ ಉಳಿದಿರಬಹುದು. ನಮ್ಮಲ್ಲಿ ಕರೆಂಟು ನಡುವೆ ಹೋಗುತ್ತದೆ. ಹೋದರೆ ಆ ಕೋಟಿನ ಪೂರ್ತಿ ಸಮಯ ಮತ್ತೆ ಮೊದಲಿನಿಂದ ಕೊಡಿ. ಬ್ಯಾಟರಿ ಲ್ಯಾಂಪಿನ ಚಾರ್ಜ್ ಇಳಿದಾಗ ಬೆಳಕೂ ಇಳಿಯುತ್ತದೆ. ಇನ್‌ವರ್ಟರ್ ಇದ್ದರೆ ಲ್ಯಾಂಪಿಗೆ ಸಾಕು. ಸ್ಟೀಮರ್, ಹೇರ್ ಡ್ರೈಯರ್ ಮಾತ್ರ ಅದರ ಮೇಲೆ ಹಾಕಬೇಡಿ.

ಗಿರಾಕಿಗೂ ಇದನ್ನು ಹೇಳಿ. ಜೆಲ್ ಹಚ್ಚಿದ ಮೇಲೆ ಬೆರಳ ತುದಿಯಲ್ಲಿ ತುರಿಕೆ, ಬಿರುಕು, ಕೆಲವೊಮ್ಮೆ ಕಣ್ಣಿನ ರೆಪ್ಪೆ ಊದುವುದು ಕಂಡರೆ ತೆಗೆಸಿಕೊಳ್ಳಬೇಕು. ಮತ್ತೆ ಹಚ್ಚಬಾರದು. ಗಿರಾಕಿ ಹೋಗುತ್ತಾಳೆ ಅಂತ ಮುಚ್ಚಿಟ್ಟರೆ ಅವಳ ಕೈ ಹೋಗುತ್ತದೆ.

ಇನ್ನೊಂದು, ಎಂಎಂಎ ಎನ್ನುವ ರಾಸಾಯನಿಕ. ಸೋವಿಯಾಗಿ ಸಿಗುವ ಅಕ್ರಿಲಿಕ್ ಲಿಕ್ವಿಡ್‌ನಲ್ಲಿ ಇದು ಇರುತ್ತದೆ. ಮೂಗಿಗೆ ಅಡರುವ ಘಾಟು, ಕಲ್ಲಿನಂತೆ ಗಟ್ಟಿ, ಅಸಿಟೋನ್‌ನಲ್ಲಿ ನೆನೆಸಿದರೂ ಸುಲಭಕ್ಕೆ ಕರಗುವುದಿಲ್ಲ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅದು ಮುರಿಯುವುದಿಲ್ಲ, ಕೆಳಗಿನ ಸ್ವಂತ ಉಗುರೇ ಕಿತ್ತು ಬರುತ್ತದೆ. ಅಮೆರಿಕದಲ್ಲಿ 1970ರ ದಶಕದಲ್ಲೇ ಇದರ ಮೇಲೆ ಕ್ರಮ ಆಗಿದೆ. ಒಳ್ಳೆಯದರಲ್ಲಿ ಅದರ ಬದಲು ಬಳಸುವ ಇಎಂಎ ಅಂತ ಬರೆದಿರುತ್ತದೆ. ಜೆಲ್‌ನಲ್ಲಿ ಟಿಪಿಒ, ಅಂದರೆ ಬೆಳಕಿಗೆ ಜೆಲ್ ಗಟ್ಟಿಯಾಗಲೆಂದು ಹಾಕುವ ರಾಸಾಯನಿಕ, ಇದೆಯಾ ಅಂತಲೂ ನೋಡಿ. ಯುರೋಪಿನ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಅದನ್ನು ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದೆ. ಅಲ್ಲಿ ಮಾರಾಟವಾಗದ ಮಾಲು ಸೋವಿಯಾಗಿ ಇಲ್ಲಿಗೆ ಬಂದರೆ ನಾವು ಯಾಕೆ ಕೊಳ್ಳಬೇಕು? ಬಾಟಲಿ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರು, ಎಕ್ಸ್‌ಪೈರಿ ಇರಲೇಬೇಕು. ಇಲ್ಲಿ ತಯಾರಾದದ್ದಕ್ಕೆ ಲೈಸೆನ್ಸ್ ನಂಬರು, ಹೊರಗಿಂದ ಬಂದದ್ದಕ್ಕೆ ಆಮದು ನೋಂದಣಿ ನಂಬರು ಇರಬೇಕು. ಇಲ್ಲದ್ದು ಎಷ್ಟೇ ಚೆಂದ ಇದ್ದರೂ ಬೇಡ. 35 ಸಾವಿರದ ಕಿಟ್ಟಿನಲ್ಲಿ ಅರ್ಧ ಬಾಟಲಿಗಳ ಮೇಲೆ ಇದ್ಯಾವುದೂ ಇರುವುದಿಲ್ಲ. ನಾನು ಅಂಥ ಎರಡು ಕಿಟ್ಟು ಬಿಚ್ಚಿ ನೋಡಿದ್ದೇನೆ.

ಸಾಮಾನು ತೊಳೆಯುವ ವಿಷಯಕ್ಕೆ ಬರೋಣ. ಡೆಟಾಲ್ ಹಾಕಿದ ಬಟ್ಟಲಲ್ಲಿ ಅದ್ದಿ ತೆಗೆದು ಒರೆಸುವುದು ನಮ್ಮ ಊರಿನ ರೂಢಿ. ಅದು ಸಾಲದು. ಮೊದಲು ಸೋಪು ನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಕೊಳೆ ಇದ್ದರೆ ಯಾವ ಔಷಧವೂ ಕೆಲಸ ಮಾಡುವುದಿಲ್ಲ. ಒರೆಸಿ ಒಣಗಿಸಿ, ಆಮೇಲೆ ಆಸ್ಪತ್ರೆಗಳಲ್ಲಿ ಬಳಸುವ ಸೋಂಕುನಾಶಕದಲ್ಲಿ ಅದರ ಲೇಬಲ್ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಹತ್ತು ನಿಮಿಷ, ಪೂರ್ತಿ ಮುಳುಗಿಸಿ ಇಡಬೇಕು. ರಕ್ತ ಬರಬಹುದಾದ ನಿಪ್ಪರ್, ಕ್ಯುಟಿಕಲ್ ಪುಶರ್‌ನಂಥ ಸ್ಟೀಲ್ ಸಾಮಾನಿಗೆ ಆಟೋಕ್ಲೇವ್ ಒಳ್ಳೆಯದು, ಅಂದರೆ ಕುಕ್ಕರಿನ ಹಾಗೆ ಹಬೆಯ ಒತ್ತಡದಲ್ಲಿ ಸೋಂಕು ಕೊಲ್ಲುವ ಪಾತ್ರೆ. 121 ಡಿಗ್ರಿ ಹಬೆ, 15 ಪೌಂಡ್ ಒತ್ತಡ, 15ರಿಂದ 20 ನಿಮಿಷ. ನೀಲಿ ಲೈಟು ಉರಿಯುವ ಯುವಿ ಡಬ್ಬಿ ತೊಳೆದ ಸಾಮಾನು ಇಟ್ಟುಕೊಳ್ಳಲು ಸರಿ, ಸಾಮಾನನ್ನು ಪೂರ್ತಿ ಶುದ್ಧ ಮಾಡುವ ಶಕ್ತಿ ಅದಕ್ಕಿಲ್ಲ. ಮರದ ಕಡ್ಡಿ, ಕಾಗದದ ಫೈಲ್, ಬಫರ್ ಒಬ್ಬರಿಗೆ ಬಳಸಿದ ಮೇಲೆ ಅವರಿಗೇ ಕೊಟ್ಟುಬಿಡಿ, ಇಲ್ಲ ಎಸೆಯಿರಿ. ವ್ಯಾಕ್ಸ್ ಹಚ್ಚಿದ ಕಡ್ಡಿಯನ್ನು ಮತ್ತೆ ಡಬ್ಬಿಗೆ ಅದ್ದಬೇಡಿ. ಐಬ್ರೋ ದಾರವನ್ನು ಹಲ್ಲಿನಲ್ಲಿ ಕಚ್ಚುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ದಾರದ ತುದಿಯನ್ನು ಕುತ್ತಿಗೆಗೆ ಸುತ್ತಿಕೊಂಡು ಮಾಡುವುದನ್ನು ಕಲಿಯಿರಿ. ಎರಡು ವಾರದಲ್ಲಿ ಕೈ ಕೂರುತ್ತದೆ. ಈ ಎಲ್ಲವನ್ನೂ ಗಿರಾಕಿಯ ಕಣ್ಣೆದುರಿಗೇ ಮಾಡಿ. ಆಟೋಕ್ಲೇವ್ ಮಾಡಿದ ಪೊಟ್ಟಣ ಒಡೆದು ಸಾಮಾನು ತೆಗೆಯುವುದನ್ನು ಒಬ್ಬಳು ನೋಡಿದರೆ ಓಣಿಯ ಹತ್ತು ಜನಕ್ಕೆ ಹೇಳುತ್ತಾಳೆ. ನಾನು ಬೋರ್ಡಿಗೆ ಖರ್ಚು ಮಾಡಿದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಉಗುರಿನ ಬುಡದ ಚರ್ಮವನ್ನು ಕತ್ತರಿಸಬೇಡಿ, ಮೆತ್ತಗೆ ಹಿಂದಕ್ಕೆ ತಳ್ಳಿದರೆ ಸಾಕು. ಅದು ಸೋಂಕು ಒಳಗೆ ಹೋಗದಂತೆ ತಡೆಯುವ ಬಾಗಿಲು. ಜೆಲ್ ಹಚ್ಚುವ ಮುಂಚೆ ಕೈಯನ್ನು ನೀರಲ್ಲಿ ನೆನೆಸುವುದೂ ಬೇಡ. ಉಗುರು ನೀರು ಹೀರಿ ಹಿಗ್ಗುತ್ತದೆ, ಒಣಗಿದ ಮೇಲೆ ಕುಗ್ಗಿ ಜೆಲ್ ಏಳುತ್ತದೆ. ಪೆಡಿಕ್ಯೂರಿಗೆ ಕೂತವರಿಗೆ ಸಕ್ಕರೆ ಕಾಯಿಲೆ ಇದೆಯಾ ಅಂತ ಮೊದಲೇ ಕೇಳಿ. ಇದ್ದರೆ ಬ್ಲೇಡು, ತುರಿಯುವ ಸಾಮಾನು ಮುಟ್ಟಬೇಡಿ. ನಮ್ಮ ಒಣ ಹವೆಗೆ ಹಿಮ್ಮಡಿ ಒಡೆದವರು ಜಾಸ್ತಿ, ಆಳವಾಗಿ ಕೆರೆಯುವ ಆಸೆಯೂ ಆಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅಂಥ ಒಂದು ಗಾಯ ಸಾಕು, ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆಯುವಂತಾಗುತ್ತದೆ.

ಕೋಣೆ 10 ಅಡಿಗೆ 12 ಅಡಿ ಅಂದಿರಿ. ಸಾಕು. ಒಂದು ತಲೆ ಆನಿಸುವ ಕುರ್ಚಿ, ಮಡಚುವ ಬೆಡ್ಡು, ಸಣ್ಣ ಟೇಬಲ್ಲು ಕೂರುತ್ತವೆ. ಟೇಬಲ್ಲನ್ನು ಕಿಟಕಿ ಪಕ್ಕ ಹಾಕಿ, ಎಕ್ಸಾಸ್ಟ್ ಫ್ಯಾನನ್ನು ಟೇಬಲ್ ಎತ್ತರಕ್ಕೆ ಕೂರಿಸಿ. ಅಸಿಟೋನ್, ಜೆಲ್ಲಿನ ಆವಿ ಗಾಳಿಗಿಂತ ಭಾರ. ಮೇಲೆ ಫ್ಯಾನ್ ಇಟ್ಟರೆ ಅದು ನಿಮ್ಮ ಮೂಗಿನ ಮುಂದೆಯೇ ಹಾದು ಹೋಗುತ್ತದೆ. ಕೂಲರ್ ಹಾಕಿದರೆ ಎದುರಿನ ಕಿಟಕಿ ತೆರೆದಿಡಿ, ಹೊರಗಿನ ಗಾಳಿ ಬಂದು ಹೊರಗೇ ಹೋಗಬೇಕು. ಉಗುರು ಉಜ್ಜುವಾಗ ಎನ್-95 ಮಾಸ್ಕ್ ಹಾಕಿ. ಅಸಿಟೋನ್ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತದೆ. ಆ ಕೋಣೆಗೂ ಅಡುಗೆಮನೆಗೂ ನಡುವೆ ಬಾಗಿಲು ಇರಬೇಕು. ದೇವರ ದೀಪ, ಊದಿನಕಡ್ಡಿ ಆ ಕೋಣೆಯಲ್ಲಿ ಬೇಡ. ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಇರುವ ಪೆಟ್ಟಿಗೆಯಲ್ಲಿ 100 ಎಂಎಲ್ ಬಾಟಲಿಗಳನ್ನೇ ಇಡಿ, ಲೀಟರ್ ಕ್ಯಾನ್ ಬೇಡ. ನೆಲ ಶಹಾಬಾದ್ ಫರ್ಸಿ ಆಗಿದ್ದರೆ ಮೇಲೆ ವಿನೈಲ್ ಹಾಸು ಹಾಸಿ. ಅದು ಸುಣ್ಣದ ಕಲ್ಲು. ಹಿಮ್ಮಡಿಗೆ ಹಚ್ಚುವ ಆಸಿಡ್ ಅಂಶದ ಲಿಕ್ವಿಡ್ ಬಿದ್ದರೆ ಕಲೆ ಹೋಗುವುದಿಲ್ಲ. ಬಾಡಿಗೆ ಮನೆಯ ಕಲ್ಲು ಹಾಳಾದರೆ ಮಾಲೀಕರ ಜೊತೆ ಮಾತು ಬೆಳೆಯುತ್ತದೆ. ನಮ್ಮ ಬೋರಿನ ಗಡಸು ನೀರಿಗೆ ಸ್ಟೀಮರ್ ಬಿಳಿ ಕಟ್ಟುತ್ತದೆ, ಅದಕ್ಕೆ ಫಿಲ್ಟರ್ ನೀರು ಹಾಕಿ.

60 ಸಾವಿರವನ್ನು ನಾನಾದರೆ ಹೀಗೆ ಹಂಚುತ್ತೇನೆ. ಕುರ್ಚಿ, ಬೆಡ್ಡು, ಕನ್ನಡಿ, ಬಿಳಿ ಬೆಳಕಿನ ಲೈಟಿಗೆ 15 ಸಾವಿರ. ಕುರ್ಚಿ, ಬೆಡ್ಡು ಸೆಕೆಂಡ್ ಹ್ಯಾಂಡ್ ಸಿಕ್ಕರೆ ಇನ್ನೂ ಒಳ್ಳೆಯದು. ವ್ಯಾಕ್ಸ್ ಹೀಟರ್, ಸ್ಟೀಮರ್, ಟವೆಲ್, ಕ್ರೀಮುಗಳಿಗೆ 8 ಸಾವಿರ. ಸೋಂಕುನಾಶಕ, ಎರಡು ಸೆಟ್ ಸ್ಟೀಲ್ ಸಾಮಾನು, ಸಣ್ಣ ಆಟೋಕ್ಲೇವ್, ಪೊಟ್ಟಣ, ಗ್ಲೌಸ್, ಮಾಸ್ಕ್ ಸೇರಿ 10 ಸಾವಿರ. ಇಲ್ಲಿ ಕಂಜೂಸ್ ಮಾಡಬೇಡಿ. ಉಗುರಿಗೆ 7 ಸಾವಿರ ಸಾಕು: ಒಳ್ಳೆ ಲ್ಯಾಂಪು, ಅದೇ ಕಂಪನಿಯ ಬೇಸ್ ಮತ್ತು ಟಾಪ್, ಆರು ಬಣ್ಣ. ಕೆಂಪು, ಮರೂನ್, ತಿಳಿ ಗುಲಾಬಿ, ಚರ್ಮದ ಬಣ್ಣದ್ದು, ಬಿಳಿ, ಬಂಗಾರದ ಮಿಂಚು. ನೂರು ಬಣ್ಣದ ಡಬ್ಬಿ ಕೊಂಡರೆ ತೊಂಬತ್ತು ಒಣಗುತ್ತವೆ. ಉಳಿದ 20 ಸಾವಿರ ಮುಟ್ಟಬೇಡಿ. ಅದು ಮೊದಲ ನಾಲ್ಕು ತಿಂಗಳ ಕರೆಂಟು, ಸಾಮಾನು, ಕಾಯುವ ಖರ್ಚು.

ಕೂದಲು ನೇರ, ನುಣುಪು ಮಾಡುವ ಹೇರ್ ಸ್ಮೂದನಿಂಗ್, ಕೆರಾಟಿನ್ ಮನೆಯಲ್ಲಿ ಬೇಡವೇ ಬೇಡ. ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬಿಡುವ ಕ್ರೀಮುಗಳಿವೆ, ಮಕ್ಕಳಿರುವ ಮನೆ ನಿಮ್ಮದು.

ಮೆಹಂದಿ ಬಗ್ಗೆ ನೀವು ಕೇಳಲಿಲ್ಲ. ಆದರೆ ನಮ್ಮ ಊರಲ್ಲಿ ಪಾರ್ಲರ್ ಅಂದ ಮೇಲೆ ಅದನ್ನು ಬಿಡಲಾಗುವುದಿಲ್ಲ. ರಂಜಾನ್ ಕೊನೆಯ ಚಾಂದ್ ರಾತ್ರಿ, ಮದುವೆಯ ಹಿಂದಿನ ದಿನ ಜನ ಸಾಲು ನಿಲ್ಲುತ್ತಾರೆ. ಮದರಂಗಿ ಎಲೆಯ ಬಣ್ಣ ಮೊದಲು ಕಿತ್ತಳೆ, ಒಂದೆರಡು ದಿನಕ್ಕೆ ಕಂದುಗೆಂಪು. ಹತ್ತು ನಿಮಿಷಕ್ಕೆ ಕಪ್ಪಾಗುವ ಕೋನ್‌ನಲ್ಲಿ ಬೇರೇನೋ ಇದೆ. ಹೆಚ್ಚಾಗಿ ಅದು ಪಿಪಿಡಿ ಎನ್ನುವ ರಾಸಾಯನಿಕ, ಕೂದಲಿಗೆ ಹಚ್ಚುವ ಕಪ್ಪು ಡೈನಲ್ಲಿ ಇರುವಂಥದ್ದು. ಒಂದು ಹಬ್ಬಕ್ಕೆ ಅಂಥ ಕೋನ್ ಹಚ್ಚಿಸಿಕೊಂಡು ಎಂಟು ವರ್ಷದ ಹುಡುಗಿಯ ಕೈಯಲ್ಲಿ ಡಿಸೈನ್ ಇದ್ದ ಹಾಗೇ ಗುಳ್ಳೆ ಎದ್ದದ್ದನ್ನು ನೋಡಿದ್ದೇನೆ. ಪುಡಿ ತಂದು, ನಿಂಬೆರಸ, ಸಕ್ಕರೆ, ನೀಲಗಿರಿ ಎಣ್ಣೆ ಹಾಕಿ ನೀವೇ ಕಲಸಿ ಕೋನ್ ಕಟ್ಟಿ. ಫ್ರೀಜರಿನಲ್ಲಿ ಇಟ್ಟರೆ ಉಳಿಯುತ್ತದೆ. ಕೂದಲ ಡೈಗೂ, ಮುಖದ ಬ್ಲೀಚಿಗೂ ಎರಡು ದಿನ ಮುಂಚೆ ಕಿವಿ ಹಿಂದೆ ಒಂದು ಚೂರು ಹಚ್ಚಿ ನೋಡಿ.

ಕಾಗದಪತ್ರದ್ದು ಬೇಗ ಮುಗಿಸುತ್ತೇನೆ. ಮನೆ ಮಾಲೀಕರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಮಹಾನಗರ ಪಾಲಿಕೆಯ ಉದ್ದಿಮೆ ಪರವಾನಗಿ ತಗೊಳ್ಳಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಆಗುತ್ತದೆ. ದುಡ್ಡು ಕೇಳುವ ಏಜೆಂಟರಿಗೆ ಕೊಡಬೇಡಿ. ಸೇವೆಯ ವ್ಯಾಪಾರ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಸಾಲ ಬೇಕಾದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50 ಸಾವಿರದವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಆರು ತಿಂಗಳ ನಂತರ ಯೋಚಿಸಿ, ಈಗ ಬೇಡ. ಆಳಂದ, ಚಿಂಚೋಳಿ ಕಡೆ ಹಳ್ಳಿಗಳಿಂದ ಇದನ್ನು ಓದುತ್ತಿರುವ ತಂಗಿಯರಿಗೆ ಒಂದು ಮಾತು: 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಈಗ ಜಿಲ್ಲೆಗಳಲ್ಲಿ ಇವೆ. ಬ್ಯೂಟಿ ಪಾರ್ಲರ್ ತರಬೇತಿ ಅಲ್ಲಿ ಊಟ, ವಸತಿ ಸಮೇತ ಪುಕ್ಕಟೆ.

ಕರೆಂಟಿನ ವಿಷಯ ಮಾತ್ರ ಹಗುರ ಮಾಡಬೇಡಿ. ಗೃಹಜ್ಯೋತಿಯ 200 ಯೂನಿಟ್ ಪುಕ್ಕಟೆ ಕರೆಂಟು ಮನೆ ಬಳಕೆಗೆ. ಮನೆ ಮೀಟರಿನಲ್ಲಿ ವ್ಯಾಪಾರ ನಡೆಸಿದ್ದು ಪರಿಶೀಲನೆಯಲ್ಲಿ ಸಿಕ್ಕರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಎರಡು ಪಟ್ಟು ದರದ ಬಿಲ್ ಹಾಕಬಹುದು. ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಉಪವಿಭಾಗದ ಕಚೇರಿಗೆ ಹೋಗಿ ಆ ಕೋಣೆಗೆ ಬೇರೆ ಮೀಟರ್ ಕೇಳಿ. ಮಾಲೀಕರ ಒಪ್ಪಿಗೆ ಪತ್ರ ಅಲ್ಲೂ ಬೇಕಾಗುತ್ತದೆ.

ವರ್ಷದ ಏರಿಳಿತ ನಿಮಗೆ ಗೊತ್ತೇ ಇದೆ. ಆಷಾಢದಲ್ಲಿ ಮದುವೆ ಇಲ್ಲ. ಆದರೆ ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಪುಣೆ, ಹೈದರಾಬಾದ್, ಬೆಂಗಳೂರಿನಲ್ಲಿ ಜೆಲ್ ರೂಢಿ ಮಾಡಿಕೊಂಡವರು ಅವರು. ಅವರ ತಾಯಂದಿರಿಗೆ ಹದಿನೈದು ದಿನ ಮುಂಚೆಯೇ ಹೇಳಿಡಿ.

ಕೊನೆಗೆ ಅತ್ತೆಯವರ ಚಿಂತೆ. ಅವರ ಮಾತಿನಲ್ಲಿ ಅರ್ಥ ಇದೆ, ತಂಗಿ. ಅದನ್ನು ನಿಯಮವಾಗಿ ಮಾಡಿಕೊಳ್ಳಿ. ಹೆಂಗಸರಿಗೆ ಮಾತ್ರ. ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಂಡವರಿಗೆ ಮಾತ್ರ. ಅದಕ್ಕೆ ಬೇರೆ ನಂಬರ್ ಇಟ್ಟುಕೊಳ್ಳಿ. ಮಕ್ಕಳು ಶಾಲೆಗೆ ಹೋದ ಮೇಲೆ 10ರಿಂದ 3, ಸಂಜೆ 5ರಿಂದ 7. ಬಾಗಿಲಿಗೆ ದಪ್ಪ ಪರದೆ, ಒಳಗಿನಿಂದ ಚಿಲಕ. ಬುರ್ಖಾ ತೆಗೆದಿಟ್ಟು ಕೂರುವವರು ಬರುತ್ತಾರೆ. ಆ ಹೊತ್ತಿಗೆ ಪಡಸಾಲೆಯಲ್ಲಿ ಗಂಡಸರು ಇರಬಾರದು, ನಿಮ್ಮವರಿಗೂ ಹೇಳಿಡಿ. ಫೋಟೋ ಕೈಯದ್ದು ಮಾತ್ರ, ಅದೂ ಕೇಳಿ. ಒಬ್ಬರ ಮನೆ ಮಾತು ಇನ್ನೊಬ್ಬರಿಗೆ ದಾಟಬಾರದು. ಪಾರ್ಲರ್ ಕುರ್ಚಿಯಲ್ಲಿ ಹೆಂಗಸರು ಬಹಳ ಹೇಳಿಕೊಳ್ಳುತ್ತಾರೆ.

ಶುರು ಮಾಡುವ ಮುಂಚೆ ಹತ್ತು ಜನಕ್ಕೆ ಪುಕ್ಕಟೆ ಮಾಡಿ ಕೈ ಪಳಗಿಸಿಕೊಳ್ಳಿ. ಮೊದಲನೆಯವರು ನಿಮ್ಮ ಅತ್ತೆಯವರೇ ಆಗಲಿ. ಸಕ್ಕರೆ ಕಾಯಿಲೆ ಇದೆಯಾ ಕೇಳಿಕೊಂಡು, ಬೆಚ್ಚನೆಯ ನೀರಿನಲ್ಲಿ ಅವರ ಕಾಲು ಇಟ್ಟು, ಒಡೆದ ಹಿಮ್ಮಡಿಗೆ ಪೆಡಿಕ್ಯೂರ್ ಮಾಡಿ, ಕಾಲುಂಗುರದ ಕೆಳಗೆ ಒರೆಸಿಕೊಡಿ. ಎಷ್ಟು ನಿಮಿಷ ಹಿಡಿಯಿತು ಅಂತ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಪೆಡಿಕ್ಯೂರಿನ ರೇಟು ಅಲ್ಲಿಂದ ಲೆಕ್ಕ ಹಾಕಬೇಕು.